ವೀಳ್ಯದೆಲೆಯ ತೊಟ್ಟು

ಹಾಸನ
ಭಾನುವಾರ, 15 ಜೂನ್ 2025

ಅಮ್ಮಾ,

ನಮಸ್ಕಾರ ಆಮೇಲೆ. ಮೊದಲು ಬಾಟಲಿಯ ವಿಷಯ.

ಗೌತಮ್ ಹನ್ನೊಂದು ಗಂಟೆಗೆ ಬಂದು ನೀನು ಕಳಿಸಿದ ಚೀಲ ಕೊಟ್ಟ. ಮೆಂತ್ಯದ ಹಿಟ್ಟು, ಒಣಗಿಸಿದ ಬಾಳಕ, ಹೇಮಾ ನಿನ್ನ ಹತ್ತಿರ ಬಿಟ್ಟು ಬಂದಿದ್ದ ಹಳದಿ ಫ್ರಾಕು. ಆ ಫ್ರಾಕಿನೊಳಗೆ ಸುತ್ತಿ, ಮೇಲೆ ಎರಡು ರಬ್ಬರ್ ಬ್ಯಾಂಡ್ ಹಾಕಿದ್ದ ಹರಳೆಣ್ಣೆ ಬಾಟಲಿ. "ತಲೆಗೆ ಹಚ್ಚೋಕಂತೆ ಕಣೇ ಅಕ್ಕ" ಎಂದ, ನನ್ನ ಮುಖ ನೋಡದೆ. ತಲೆಗೆ ಹಚ್ಚುವ ಎಣ್ಣೆಯನ್ನು ಯಾರೂ ಫ್ರಾಕಿನೊಳಗೆ ಬಚ್ಚಿಡುವುದಿಲ್ಲ. ಅದರ ಕೆಳಗೆ ಒದ್ದೆ ಬಟ್ಟೆಯಲ್ಲಿ ಐದು ವೀಳ್ಯದೆಲೆ. ನಮ್ಮ ಮನೆಯಲ್ಲಿ ಎಲೆಯಡಿಕೆ ಹಾಕುವವರು ಯಾರಮ್ಮ? ನಿನ್ನ ಅಳಿಯ ಜಯಂತ್ ಲವಂಗ ಬಾಯಿಗೆ ಹಾಕಿಕೊಂಡರೂ ಕೆಮ್ಮುವ ಮನುಷ್ಯ.

ಈ ಗುರುವಾರ ನಿನ್ನ ಮೊಮ್ಮಗಳ ದೊಡ್ಡ ಆಪರೇಷನ್. ಮಾರ್ಚ್ ತಿಂಗಳಿಂದ ಡಾಕ್ಟರು ಹೇಳಿದ್ದು, ನಾನು ಹೇಳಿದ್ದು, ಜಯಂತ್ ನಿನಗೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದು, ಎಲ್ಲ ಆದಮೇಲೆ ನೀನು ಕಳಿಸುವುದು ಅದೇ ಎಣ್ಣೆ, ಅದೇ ಎಲೆ. ನಿನ್ನ ಜೊತೆ ಯಾವ ಭಾಷೆಯಲ್ಲಿ ಮಾತಾಡಬೇಕೋ ನನಗೆ ನಿಜವಾಗಿ ತಿಳಿಯುತ್ತಿಲ್ಲ.

ಫೋನಿನಲ್ಲಿ ಆಗುವುದಿಲ್ಲ. ನಿನಗೆ ಕಿವಿ ಮಂದ, ಸ್ಪೀಕರ್ ಹಾಕುತ್ತೀಯ, ಬೀದಿಯ ಅರ್ಧ ಜನ ಕೇಳಿಸಿಕೊಳ್ಳುತ್ತಾರೆ. ನಾನು "ಕರುಳು" ಎನ್ನುವಷ್ಟರಲ್ಲಿ "ಸರಿ ಸರಿ, ಹೇಮಾಗೆ ಕೊಡು" ಎನ್ನುತ್ತೀಯ. ಮೂರು ತಿಂಗಳಿಂದ ನನ್ನ ಜೊತೆ ನೀನು ಆಡಿದ ಮಾತು ಅಷ್ಟೇ. ಅದಕ್ಕೆ ಈ ಕಾಗದ. ಗೌತಮ್ ಊಟ ಮಾಡಿ ಹಾಲ್‌ನಲ್ಲಿ ಮಲಗಿದ್ದಾನೆ. ಐದು ಗಂಟೆಗೆ ಹೊಳೆನರಸೀಪುರಕ್ಕೆ ಹೊರಡುತ್ತಾನಂತೆ, ಅಷ್ಟರಲ್ಲಿ ಮುಗಿಸಬೇಕು. ಅವನ ಕೈಯಲ್ಲಿ ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ನನ್ನನ್ನು ಕಾನ್ವೆಂಟಿಗೆ ಸೇರಿಸಿದವಳು ನೀನೇ.

ಮೊದಲು ಅಪೆಂಡಿಕ್ಸ್ ವಿಷಯ ಮುಗಿಸಿಬಿಡುತ್ತೇನೆ. ನೀನು ಊರಿಗೆಲ್ಲ ಹೇಮಾಗೆ ಆಗಿದ್ದು ಅಪೆಂಡಿಕ್ಸ್ ಎಂದು ಹೇಳಿದ್ದೀಯ. ಹೆಣ್ಣು ಮಗು, ಹೊಟ್ಟೆಯ ಮೇಲೆ ಚೀಲ ಅಂದರೆ ನಾಳೆ ಜನ ಏನನ್ನುತ್ತಾರೆ ಎಂಬುದು ನಿನ್ನ ಚಿಂತೆ. ಅವಳಿಗೆ ಆರು ವರ್ಷ, ಅಮ್ಮ. ಅರಕಲಗೂಡಿನ ಚಿಕ್ಕಮ್ಮ ಹೋದ ವಾರ ಫೋನ್ ಮಾಡಿ, "ನಮ್ಮ ಮೈದುನಂಗೂ ಅಪೆಂಡಿಕ್ಸ್ ಆಗಿತ್ತು ಕಣೇ, ಮೂರನೇ ದಿನಕ್ಕೆ ನಾಕು ಇಡ್ಲಿ ತಿಂದ. ನಿಮ್ಮ ಮಗೂದು ಮೂರು ತಿಂಗಳಾದ್ರೂ ಮುಗೀಲಿಲ್ವಲ್ಲ, ಅದೆಂಥಾ ಅಪೆಂಡಿಕ್ಸೇ?" ಎಂದು ಕೇಳಿದರು. ನಾನೇನು ಹೇಳಬೇಕಿತ್ತು? "ಸ್ವಲ್ಪ ದೊಡ್ಡದಿತ್ತು ಚಿಕ್ಕಮ್ಮ" ಎಂದೆ. ಏಳನೇ ಕ್ಲಾಸಿಗೆ ಜೀರ್ಣಾಂಗಗಳ ಪಾಠ ಮಾಡುವ ವಿಜ್ಞಾನದ ಟೀಚರು ನಾನು. ನಿನ್ನ ಸುಳ್ಳಿಗೆ ನಾನು ಬೇಲಿ ಕಟ್ಟಿಕೊಂಡು ಕೂತಿದ್ದೇನೆ.

ಕಾಯಿಲೆ ಏನೆಂದು ಕೊನೆಯ ಸಲ ಬರೆಯುತ್ತೇನೆ, ಈ ಹಾಳೆ ನಿನ್ನ ಹತ್ತಿರ ಇರಲಿ. ಹೇಮಾಳ ದೊಡ್ಡ ಕರುಳಿನ ಕೊನೆಯ ಒಂದು ಗೇಣು ಭಾಗದಲ್ಲಿ ಹುಟ್ಟುವಾಗಲೇ ನರದ ಜೀವಕೋಶಗಳು ಇಲ್ಲ. ಡಾಕ್ಟರ್ ರಜನೀಶ್ ನನಗೆ ಹೇಳಿದ್ದು ಹೀಗೆ: "ನಿಮ್ಮ ಕಡೆ ನಾಲೆ ಇದೆಯಲ್ಲ ಮೇಡಂ, ಮೇಲಿಂದ ನೀರು ಚೆನ್ನಾಗೇ ಬರ್ತಾ ಇದೆ. ಕೊನೇ ತೂಬಿಗೆ ಅದನ್ನ ಎತ್ತಿ ನೀರು ಬಿಡೋ ನೀರುಗಂಟೀನೇ ಇಲ್ಲ. ತೂಬು ಯಾವಾಗ್ಲೂ ಮುಚ್ಕೊಂಡೇ ಇರುತ್ತೆ." ನೀರು ಹಿಂದೆ ನಿಂತು ನಿಂತು ನಾಲೆ ಊದಿದಂತೆ ಅವಳ ಹೊಟ್ಟೆ ಊದಿತ್ತು. ಮಾರ್ಚಿನಲ್ಲಿ ಆ ಜಾಗದ ಮೇಲಿನ ಒಳ್ಳೆಯ ಕರುಳನ್ನು ಹೊಟ್ಟೆಯ ಪಕ್ಕಕ್ಕೆ ತಂದು ಬಾಯಿ ಮಾಡಿ ಚೀಲ ಇಟ್ಟರು. ಈಗ ಊತ ಇಳಿದಿದೆ. ಗುರುವಾರ ನರವಿಲ್ಲದ ಭಾಗ ತೆಗೆದುಹಾಕಿ, ಒಳ್ಳೆಯ ಕರುಳನ್ನು ಕೆಳಗೆ ಎಳೆದು ಮಲದ್ವಾರಕ್ಕೆ ಕೂಡಿಸುತ್ತಾರೆ. ಚೀಲ ಹೋಗುತ್ತದೆ. ಹೊಟ್ಟೆಯ ಮೇಲಿನ ಆ ಕೆಂಪು ಬಾಯಿಗೆ ಹೇಮಾ "ನನ್ನ ಟೊಮೇಟೊ" ಎನ್ನುತ್ತಾಳೆ. ಅದೂ ಒಳಗೆ ಹೋಗುತ್ತದೆ ಎಂದಾಗ ಒಂದು ನಿಮಿಷ ಯೋಚಿಸಿ, "ಟಾಟಾ ಹೇಳ್ಬೇಕಾ ಅದಕ್ಕೆ?" ಎಂದಳು.

ಮೂರು ತಿಂಗಳಲ್ಲಿ ಎರಡೂವರೆ ಕಿಲೋ ತೂಕ ಹೆಚ್ಚಿದ್ದಾಳೆ. ಕೈಕಾಲು ಕಡ್ಡಿಯಂತಿದ್ದ ಮಗು. ಈಗ ಊಟದ ನಡುವೆ ಇನ್ನೊಂದು ದೋಸೆ ಕೇಳುತ್ತಾಳೆ. ಅವಳು ದೋಸೆ ಕೇಳಿದಾಗಲೆಲ್ಲ ನನಗೆ ಖುಷಿಯ ಜೊತೆಗೇ ಸಿಟ್ಟು ಬರುತ್ತದೆ. ಈ ದೋಸೆ ಅವಳಿಗೆ ಐದು ವರ್ಷ ಮೊದಲೇ ಸಿಗಬಹುದಿತ್ತು.

ಐದು ವರ್ಷ ನಾವು ಅಲೆದದ್ದು ನೆನಪಿದೆಯಾ? ಅರಕಲಗೂಡಿನ ಮಕ್ಕಳ ಡಾಕ್ಟರು, ಚನ್ನರಾಯಪಟ್ಟಣದಲ್ಲಿ ಜಯಂತ್ ಪಾಠ ಮಾಡುವ ಕಾಲೇಜಿನ ಹತ್ತಿರದ ಆಯುರ್ವೇದದವರು, ಹಾಸನದಲ್ಲೇ ಇಬ್ಬರು. ಎಲ್ಲರೂ ಕೇಳಿದ ಒಂದು ಪ್ರಶ್ನೆ: ಹುಟ್ಟಿದ ಮೇಲೆ ಮಗು ಮೊದಲ ಸಲ, ಆ ಕಪ್ಪು ಮಲ, ಯಾವಾಗ ಹೋಯಿತು? ನಾನು ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡು ಚಾಚುತ್ತಿದ್ದೆ. ಅದರಲ್ಲಿ "ಮೊದಲ ದಿನ" ಎಂದಿದೆ. ಅವರು ತಲೆಯಾಡಿಸಿ ಸಿರಪ್ಪು ಬರೆಯುತ್ತಿದ್ದರು. ಹಣ್ಣು ಕೊಡಿ, ನೀರು ಕುಡಿಸಿ, ಬಿಸ್ಕತ್ತು ಬಿಡಿಸಿ. ಹತ್ತು ದಿನ ಮಲ ಹೋಗದೆ ಮಗುವಿನ ಹೊಟ್ಟೆ ತಮಟೆಯಾದಾಗ ನಿನ್ನ ಹತ್ತಿರ ಕರೆತರುತ್ತಿದ್ದೆವು. ನೀನು ಬಾಗಿಲು ಹಾಕಿಕೊಂಡು, ಎಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಮಲದ್ವಾರಕ್ಕೆ ಹಾಕಿದರೆ, ಎರಡು ನಿಮಿಷ. ಎಲ್ಲ ಒಮ್ಮೆಲೇ ಬರುತ್ತಿತ್ತು. ನೀನು ಕೈ ತೊಳೆದುಕೊಂಡು ಬಂದು, "ನಿಮ್ಮ ಡಾಕ್ಟ್ರುಗಳು ಮಾಡಲಿ ನೋಡೋಣ" ಎನ್ನುತ್ತಿದ್ದೆ. ಬೀದಿಯ ಎಷ್ಟು ಕೂಸುಗಳಿಗೆ ಮಾಡಿದ್ದೀಯೋ. ಶ್ರೀರಂಗಮ್ಮನವರ ಕೈಗುಣ ಎಂದು ಜನ ದಂಡಿಗನಹಳ್ಳಿಯಿಂದಲೂ ಮಗು ಎತ್ತಿಕೊಂಡು ಬರುತ್ತಿದ್ದರು.

ಹಾಗೆ ಒಮ್ಮೆಲೇ ಬರುವುದೇ ಈ ಕಾಯಿಲೆಯ ಗುರುತಂತೆ. ಡಾಕ್ಟರು ಹೇಳಿದರು. ಪ್ರತಿ ಸಲ ನೀನು ಗೆದ್ದೆ ಎಂದುಕೊಂಡಾಗ ಕಾಯಿಲೆ ತನ್ನ ಹೆಸರು ಹೇಳುತ್ತಿತ್ತು, ನಮಗೆ ಕೇಳಿಸಲಿಲ್ಲ.

ಇನ್ನು ಆ ಮಾರ್ಚಿನ ಬೆಳಿಗ್ಗೆ. ಮೊದಲ ಆಪರೇಷನ್ ಆಗಿ ಮೂರನೇ ದಿನ. ಡಾಕ್ಟರು ರೌಂಡ್ಸಿಗೆ ಬಂದರು. ನೀನು ಮಂಚದ ಪಕ್ಕದ ಸ್ಟೂಲಿನಿಂದ ಎದ್ದು, ಸೆರಗು ಸರಿಮಾಡಿಕೊಂಡು, ಯಾರೂ ಕೇಳದಿದ್ದರೂ ಶುರುಮಾಡಿದೆ: "ಈ ಮಗು ಹುಟ್ಟಾ ಹಿಂಗೇ ಡಾಕ್ಟ್ರೇ. ಎರಡು ದಿನ ಆದ್ರೂ ಒಂದು ತೊಟ್ಟು ಹೋಗ್ಲಿಲ್ಲ. ಆಸ್ಪತ್ರೇಲಿ ನಾನೇ ಬೆಳಗಿನ ಜಾವ ಎಲೆ ತೊಟ್ಟು ಹಾಕಿ ತೆಗೆಸಿದ್ದು. ಇಲ್ದಿದ್ರೆ ಅವತ್ತೇ ಏನಾಗ್ತಿತ್ತೋ." ಹೆಮ್ಮೆಯಿಂದ ಹೇಳಿದೆ, ಅಮ್ಮ. ಬಹುಮಾನ ಕೊಡುತ್ತಾರೇನೋ ಎನ್ನುವ ಹಾಗೆ.

ಡಾಕ್ಟರು ಪೆನ್ನು ಮುಚ್ಚಿದರು. ನನ್ನ ಕಡೆ ನೋಡಿ, "ಕಾರ್ಡಲ್ಲಿ ಮೊದಲ ದಿನ ಅಂತಿದೆಯಲ್ಲ ಮೇಡಂ?" ಎಂದರು. ನೀನೇ ಉತ್ತರ ಕೊಟ್ಟೆ. ಮಗು ಹುಟ್ಟಿದ್ದು ಬುಧವಾರ. ಶನಿವಾರ ಅಮಾವಾಸ್ಯೆ. ಬಾಣಂತಿಯನ್ನೂ ಮಗುವನ್ನೂ ಶುಕ್ರವಾರವೇ ಮನೆ ತುಂಬಿಸಿಕೊಳ್ಳಬೇಕಿತ್ತು. ಗುರುವಾರ ಸಂಜೆಯ ನರ್ಸು, ಬೆಳಿಗ್ಗೆಯೊಳಗೆ ಮಲ ಹೋಗದಿದ್ದರೆ ಮಕ್ಕಳ ಡಾಕ್ಟರು ನೋಡುವ ತನಕ ಬಿಡುವುದಿಲ್ಲ ಎಂದಿದ್ದಳು. ಬೆಳಗಾಗುವ ಮುಂಚೆ ನೀನು ನಿನ್ನ ಎಲೆಯಡಿಕೆ ಚೀಲ ಬಿಚ್ಚಿದೆ. ಬೆಳಗಿನ ಪಾಳಿಗೆ ಬಂದ ಹೊಸ ನರ್ಸು ಕೇಳಿದಾಗ, "ಓ, ಮೊದಲ್ನೇ ದಿನಾನೇ ಆಯ್ತಲ್ಲ" ಎಂದೆ. ಅವಳು ಬರೆದುಕೊಂಡಳು.

"ನೀವು ಎಲ್ಲಿದ್ರಿ?" ಎಂದು ಡಾಕ್ಟರು ನನ್ನನ್ನು ಕೇಳಿದರು. ನಾನು ನಿದ್ದೆಯಲ್ಲಿದ್ದೆ ಎಂದೆ. ಎರಡು ದಿನದ ನೋವು, ಹೊಲಿಗೆ, ಮಾತ್ರೆ. ಅವರು ಅದನ್ನೂ ಫೈಲಿನಲ್ಲಿ ಬರೆದರು.

ಆಮೇಲೆ ಕಾರಿಡಾರಿನಲ್ಲಿ ನಾನು ಕೂಗಾಡಿದ್ದು ನಿನಗೂ ಗೊತ್ತು, ಇಡೀ ಮಕ್ಕಳ ವಾರ್ಡಿಗೂ ಗೊತ್ತು. ನಾನು ನಿದ್ದೆಯಲ್ಲಿದ್ದಾಗ ಕಳ್ಳಿಯ ಹಾಗೆ ಮಾಡಿದೆ ಎಂದೆ. ಒಂದು ಅಮಾವಾಸ್ಯೆಗಾಗಿ ನನ್ನ ಮಗಳ ಆರು ವರ್ಷ ತೆಗೆದುಕೊಂಡೆ ಎಂದೆ. ಇನ್ನು ನಿನ್ನ ಕೈ ನನ್ನ ಮಗುವಿಗೆ ತಾಗಬಾರದು ಎಂದೆ. ಜೀವಮಾನವೆಲ್ಲ ಒಂದಕ್ಕೆ ನಾಲ್ಕು ಮಾತು ಕೊಟ್ಟವಳು, ಆವತ್ತು ಚೀಲ ತೆಗೆದುಕೊಂಡು ಹೊರಟೇಹೋದೆ.

ಪಕ್ಕದ ಮಂಚದಲ್ಲಿ ಮೊಮ್ಮಗನನ್ನು ನೋಡಿಕೊಳ್ಳುತ್ತಿದ್ದ ಕೊಣನೂರಿನ ದೊಡ್ಡತಾಯಮ್ಮ ನನ್ನನ್ನು ಬಿಡಲಿಲ್ಲ. "ಅದ್ಯಾಕವ್ವ ಎತ್ತವ್ವನ್ನ ಅಂಗ್ ಬೈದ್ಬುಟ್ರಿ? ಆವಮ್ಮ ಕಾಪೀನೂ ಕುಡೀದಂಗೆ ಓದ್ರು. ಲಿಪ್ಟು ಗೊತ್ತಾಗ್ದೆ ಮೆಟ್ಲಲ್ಲೇ ಇಳ್ಕೊಂಡ್ ಓದ್ರು ಕಣವ್ವ." ನಾನು, ನಿಮಗೆ ವಿಷಯ ಗೊತ್ತಿಲ್ಲ ಎಂದೆ. "ಏನ್ ಗೊತ್ತಾಗ್ಬೇಕು? ಮೊಗ ಬದುಕ್ಲಿ ಅಂತ ತಾನೆ ಮಾಡವ್ರೆ? ಸಾಯ್ಲಿ ಅಂತ ಮಾಡಿದ್ರಾ?" ಎಂದರು. ಅವರಿಗೆ ಏನು ಹೇಳಿದರೂ ಅರ್ಥವಾಗುವಂತಿರಲಿಲ್ಲ. ಅಥವಾ ನನಗೇ ಅರ್ಥವಾಗುತ್ತಿರಲಿಲ್ಲವೋ.

ಸಂಜೆ ಡಾಕ್ಟರನ್ನು ಕೇಳಿದೆ, ಆ ತೊಟ್ಟು ಹಾಕದಿದ್ದರೆ ಏನಾಗುತ್ತಿತ್ತು ಎಂದು. "ಎರಡು ದಿನ ಹೋಗದ ಮಗೂನ ನಾವು ಆಗ್ಲೇ ಹಿಡೀತಿದ್ವಿ, ಅದು ನಿಜ. ಆದ್ರೆ ಮನೆಗೆ ಹೋದ್ಮೇಲೆ ಮಾಡಿದ್ದು ಇದೆಯಲ್ಲ, ಅದು ಮಾಡದೇ ಇದ್ದಿದ್ರೆ ಹೊಟ್ಟೆ ಕೆಟ್ಟು ಮಗು ಹೋಗ್ಲೂಬಹುದಿತ್ತು. ನಿಮ್ಮ ತಾಯಿ ಕಾಯಿಲೇನ ಬಚ್ಚಿಟ್ರು. ಮಗೂನೂ ಉಳಿಸ್ಕೊಂಡ್ರು. ನೀವು ಯಾವುದನ್ನ ಲೆಕ್ಕಕ್ಕೆ ಇಟ್ಕೋತೀರೋ ನಿಮಗೆ ಬಿಟ್ಟಿದ್ದು" ಎಂದರು. ಇದನ್ನು ನಿನಗೆ ಮೂರು ತಿಂಗಳು ಹೇಳಲಿಲ್ಲ. ಹೇಳಿದರೆ ಮೊದಲ ಅರ್ಧ ಬಿಟ್ಟು ಎರಡನೆಯ ಅರ್ಧ ಮಾತ್ರ ಬೀದಿಗೆಲ್ಲ ಸಾರುತ್ತೀಯ ಎಂದು ಹೆದರಿ.

ಆದರೆ ನೀನು ಸಾರುತ್ತಿಲ್ಲವಂತೆ. ಊಟ ಮಾಡುತ್ತಾ ಗೌತಮ್ ಹೇಳಿದ. ಈಗ ಯಾರು ಮಗು ತಂದರೂ "ನನ್ನ ಕೈಲಿ ಆಗಲ್ಲ, ಡಾಕ್ಟ್ರ ಹತ್ರ ಹೋಗಿ" ಎಂದು ಬಾಗಿಲಲ್ಲೇ ಕಳಿಸುತ್ತೀಯಂತೆ. ಎಳೆಗೂಸುಗಳನ್ನು ಮೀಯಿಸಿ ನೀರು ಹಾಕಲು ಕರೆದರೂ ಹೋಗುವುದಿಲ್ಲವಂತೆ. ಡಾಕ್ಟರ ಹತ್ತಿರ ಕಳಿಸುವುದು ಸರಿ, ಅದನ್ನು ಬಿಡಬೇಡ. ಆದರೆ ಕೂಸುಗಳಿಗೆ ನೀರು ಹಾಕುವುದನ್ನು ನಿಲ್ಲಿಸು ಎಂದು ಯಾರು ಹೇಳಿದರು? ನಾನು ಹೇಳಿದೆನಾ? ಬೇಡ ಎಂದ ಎಣ್ಣೆ ಕಳಿಸುತ್ತೀಯ, ಬೇಡ ಎನ್ನದ ಕೆಲಸ ಬಿಡುತ್ತೀಯ. ನಿನ್ನ ಹತ್ತಿರ ನನಗೆ ಸಾಕಾಗಿಹೋಗಿದೆ.

ಈಗ ಹೇಮಾ. ಅವಳು ಆಪರೇಷನ್ ಥಿಯೇಟರಿನೊಳಗೆ ಹೋಗುವುದಿಲ್ಲವಂತೆ. "ಅಜ್ಜಿ ಬರದೇ ಇದ್ರೆ ನಾನು ಆ ಹಸಿರು ಬಟ್ಟೆ ಹಾಕ್ಕೊಳಲ್ಲ. ಕಿರುಚ್ತೀನಿ. ಬಾಗಿಲು ಕಚ್ಚಿ ಹಿಡ್ಕೋತೀನಿ." ಜಯಂತ್ ಚಾಕೊಲೇಟಿನ ಮಾತಾಡಿದ, ನಾನು ಗದರಿದೆ, ಎರಡೂ ನಡೆಯಲಿಲ್ಲ. ಯಾಕೆ ಅಜ್ಜಿಯೇ ಬೇಕು ಎಂದರೆ, "ಅಜ್ಜಿ ಮಾಡಿದ್ರೆ ನೋವಾಗಲ್ಲ. ಅಮ್ಮ ಮಾಡಿದ್ರೆ ಅಮ್ಮನೇ ಅಳ್ತಾಳೆ" ಎಂದಳು.

ಅದು ಸುಳ್ಳಲ್ಲ. ಮೂರು ತಿಂಗಳಿಂದ ಚೀಲ ಬದಲಾಯಿಸುವುದು ಜಯಂತ್. ನನ್ನ ಕೈ ನಡುಗುತ್ತದೆ. ಒಂದು ಸಲ ನಾನು ಅಂಟು ತೆಗೆಯಲು ಹೋಗಿ ಅವಳ ಚರ್ಮ ಕಿತ್ತಿತು. ಆಪರೇಷನ್ ಆಗಿ ಎರಡು ವಾರಕ್ಕೆ ಡಾಕ್ಟರು ಸ್ಟೀಲಿನ ನುಣುಪು ಕಡ್ಡಿಗಳನ್ನು ಕೊಡುತ್ತಾರೆ. ಕೂಡಿಸಿದ ಜಾಗ ಕುಗ್ಗದಂತೆ ಪ್ರತಿ ದಿನ, ಹೇಳಿದ ದಪ್ಪದ್ದು, ಹೇಳಿದಷ್ಟೇ ಹೊತ್ತು, ಮನೆಯಲ್ಲೇ ಹಾಕಿ ತೆಗೆಯಬೇಕು, ತಿಂಗಳುಗಟ್ಟಲೆ. ಆಗ ಜಯಂತ್‌ಗೆ ಕಾಲೇಜು ಶುರುವಾಗಿರುತ್ತದೆ, ಏಳು ಗಂಟೆಗೇ ಚನ್ನರಾಯಪಟ್ಟಣದ ಬಸ್ಸು. "ಮನೇಲಿ ಕೈ ನಡುಗದೇ ಇರೋರು ಯಾರಿದ್ದಾರೆ?" ಎಂದು ಡಾಕ್ಟರು ಕೇಳಿದಾಗ ನನಗೆ ನಿನ್ನ ಕೈ ನೆನಪಾಗಿ ನಗು ಬಂತು. ಕೆಟ್ಟ ನಗು. ಅವರು ಏನೆಂದುಕೊಂಡರೋ.

"ಹಾಗಾದರೆ ನನ್ನ ತೊಟ್ಟಿಗೂ ಅವರ ಕಡ್ಡಿಗೂ ಏನು ವ್ಯತ್ಯಾಸ?" ಎಂದು ನೀನು ಕೇಳುತ್ತೀಯ. ನಾನೂ ಕೇಳಿಕೊಂಡೆ. ಅವರು ಏನು ಮಾಡಿದರೂ, ಮಾಡಿದ್ದನ್ನು ಮಾಡಿದ ಹಾಗೆ ಬರೆದಿಡುತ್ತಾರೆ. ನನಗೆ ತೋಚಿದ ಉತ್ತರ ಅದೊಂದೇ.

ಆದ್ದರಿಂದ ಬುಧವಾರ ಬಾ. ಗುರುವಾರ ಅಲ್ಲ, ಬುಧವಾರ ಬೆಳಗಿನ ಮೊದಲ ಬಸ್ಸಿಗೆ. ಅಡ್ಮಿಟ್ ಆಗುವುದು ಹತ್ತು ಗಂಟೆಗೆ. ಆಷಾಢ ಇನ್ನೂ ಶುರುವಾಗಿಲ್ಲ, ಆ ನೆಪ ಹೇಳಬೇಡ. "ನಾನು ಮುಟ್ಟಿದರೆ ಕೆಡುತ್ತದೆ ಎಂದಳಲ್ಲ" ಎನ್ನುವ ರಾಗವೂ ಬೇಡ. ನಿನ್ನ ಚೀಲವನ್ನು ನಾನೇ ಬಿಚ್ಚಿ ನೋಡುತ್ತೇನೆ, ಕೋಪ ಮಾಡಿಕೊಳ್ಳಬಾರದು. ಆಪರೇಷನ್ ಆದಮೇಲೆ ಕೂಡಿಸಿದ ಜಾಗಕ್ಕೆ ಡಾಕ್ಟರು ಕೊಟ್ಟ ಕಡ್ಡಿ ಬಿಟ್ಟು ತೊಟ್ಟು, ಸೋಪು, ಎಣ್ಣೆ, ಬೆರಳು, ಏನು ತಾಗಿದರೂ ಹೊಲಿಗೆ ಬಿಟ್ಟು ಮಗು ಹೋಗಿಬಿಡಬಹುದು. ಮಗುವಿಗೆ ಜ್ವರ ಬಂದರೆ, ಹೊಟ್ಟೆ ಉಬ್ಬಿದರೆ, ಕೆಟ್ಟ ವಾಸನೆಯ ಭೇದಿಯಾದರೆ, ದೃಷ್ಟಿ ತೆಗೆಯುತ್ತಾ ಕೂರದೆ ಆ ಕ್ಷಣವೇ ನನ್ನನ್ನು ಕೂಗಬೇಕು. ನರ್ಸು ಏನು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು. ಆಗದಿದ್ದರೆ ಆಗಿಲ್ಲ ಎನ್ನು. ನಾಳೆ ಅಮಾವಾಸ್ಯೆ ಇದ್ದರೂ ಸರಿ.

ನಾವಿಲ್ಲಿ ಕ್ಷೇಮವೋ ಅಲ್ಲವೋ ಗುರುವಾರ ಸಂಜೆ ಗೊತ್ತಾಗುತ್ತದೆ. ನೀನು ಅಲ್ಲಿ ಸರಿಯಾಗಿ ಊಟ ಮಾಡುತ್ತಿಲ್ಲ ಎಂಬುದೂ ಗೌತಮ್ ಬಾಯಿಂದ ಬಂತು. ಮಾಡು.

ನಿನ್ನ ಮಗಳು,
ಪ್ರಿಯಂವದಾ

ಮತ್ತೆ ಬರೆದದ್ದು: ಕವರಿಗೆ ಹಾಕಿ ಅಂಟಿಸಿದ್ದೆ. ಗೌತಮ್ ಶೂ ಹಾಕಿಕೊಳ್ಳುತ್ತಿದ್ದಾನೆ. ಹರಿದು ಹೊರಗೆ ತೆಗೆದೆ. ನಿದ್ದೆಯಲ್ಲಿದ್ದೆ ಎಂದು ಮೇಲೆ ಎರಡು ಕಡೆ ಬರೆದಿದ್ದೇನೆ. ನಿದ್ದೆಯಲ್ಲಿರಲಿಲ್ಲ. ನೀನು ಎಲೆಯ ತೊಟ್ಟು ಮುರಿದ ಸದ್ದು ನನಗೆ ಕೇಳಿಸಿತು, ಎಣ್ಣೆಯ ವಾಸನೆ ಬಂತು. ನೀನು ನನ್ನ ಕಡೆ ತಿರುಗಿದಾಗ ಕಣ್ಣು ಮುಚ್ಚಿಕೊಂಡೆ. ನೀನು ನರ್ಸಿಗೆ "ಮೊದಲ್ನೇ ದಿನ" ಎಂದಾಗಲೂ ಮುಚ್ಚಿಕೊಂಡೇ ಇದ್ದೆ. ನನಗೂ ಮನೆಗೆ ಹೋಗಬೇಕಿತ್ತು, ಅಷ್ಟೇ. ಆಮೇಲೆ ಒಬ್ಬೊಬ್ಬ ಡಾಕ್ಟರ ಮುಂದೆಯೂ ನಾನು ಕಾರ್ಡು ಓದಿದೆ, ಕಂಡದ್ದು ಹೇಳಲಿಲ್ಲ. ಎಷ್ಟು ಸಲ ಓದಿದೆನೆಂದರೆ ಅದೇ ನಿಜ ಎನ್ನಿಸಿಬಿಟ್ಟಿತ್ತು. ಕಾರಿಡಾರಿನಲ್ಲಿ ನಾನು ಕೂಗುತ್ತಿದ್ದಾಗ ನೀನು ಒಂದು ಸಲ ನನ್ನ ಮುಖ ನೋಡಿದೆ. ನಿನಗೆ ಗೊತ್ತಿತ್ತು. "ನೀನೂ ಎಚ್ಚರ ಇದ್ಯಲ್ಲೇ" ಎಂದು ಅನ್ನಬಹುದಿತ್ತು, ವಾರ್ಡೆಲ್ಲ ಕೇಳುತ್ತಿತ್ತು. ನೀನು ಮೆಟ್ಟಿಲಿಳಿದು ಹೋದೆ. ಬುಧವಾರ ಡಾಕ್ಟರಿಗೆ ಫೈಲಿನಲ್ಲಿ ಅದನ್ನು ತಿದ್ದಲು ನಾನೇ ಹೇಳುತ್ತೇನೆ, ನೀನು ಪಕ್ಕದಲ್ಲಿರು. ಎಣ್ಣೆಯನ್ನು ಸಿಂಕಿಗೆ ಸುರಿದಿದ್ದೇನೆ. ಎಲೆ ಐದೂ ಫ್ರಿಜ್ಜಿನಲ್ಲಿವೆ. ಅಡಿಕೆ ನೀನೇ ತಾ, ಇಲ್ಲಿ ಇಲ್ಲ.